ಸಿಲಿಂಡರ್ ಬೆನ್ನಿಗಿದ್ರೂ ಮುಳುಗುತಜ್ಞ ಹದಿನೈದು ನಿಮಿಷಕ್ಕೇ ಮ್ಯಾಲ ಬರೋದ್ಯಾಕೆ? ನವಿಲುತೀರ್ಥದ ನೀರಿನ ಲೆಕ್ಕ

ಸವದತ್ತಿ: ಹೊಳೆಯಲ್ಲೋ ಕೆರೆಯಲ್ಲೋ ಯಾರಾದರೂ ಮುಳುಗಿದ ಸುದ್ದಿ ಬಂದರೆ ಅರ್ಧ ಊರು ದಂಡೆಗೆ ಬಂದು ನಿಲ್ಲುತ್ತೆ. ಪೊಲೀಸರು ಬರ್ತಾರೆ, ಅಗ್ನಿಶಾಮಕ ದಳದವರು ಬರ್ತಾರೆ. ಆಮೇಲೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮುಳುಗುತಜ್ಞ ನೀರಿಗಿಳೀತಾನೆ. ಜನ ಉಸಿರು ಬಿಗಿಹಿಡಿದು ನೋಡ್ತಾರೆ. ಹದಿನೈದು ನಿಮಿಷಕ್ಕೆ ಅವನು ಬರಿಗೈಲಿ ಮೇಲೆ ಬಂದ ಕೂಡಲೇ ಗುಂಪಿನಲ್ಲಿ ಗುಸುಗುಸು ಶುರು. "ಸಿಲಿಂಡರ್ ಹಾಕ್ಕೊಂಡು ಹೋಗ್ಯಾನ, ಇಷ್ಟ ಲಗೂನ ಯಾಕ್ ಬಂದ?" "ಸರಿಯಾಗಿ ಹುಡುಕಿಲ್ಲ ಬಿಡ್ರಿ." "ಇನ್ನೊಂದ್ಸಲ ಕಳಸ್ರಿ ಅವನ್ನ." ಮನೆಯವರ ಅಳುವಿನ ನಡುವೆ ಈ ಮಾತು ಒತ್ತಾಯವಾಗುತ್ತೆ, ಒತ್ತಾಯ ಕೆಲವೊಮ್ಮೆ ಬೈಗುಳವೂ ಆಗುತ್ತೆ.

ಮಲಪ್ರಭೆ ಹರಿಯುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಇದು ಹೊಸ ದೃಶ್ಯವೇನಲ್ಲ. ಬೇಸಿಗೆ ರಜೆಯಲ್ಲಿ ಈಜಲು ಇಳಿದ ಹುಡುಗರು, ಎತ್ತಿನ ಮೈ ತೊಳೆಯಲು ಹೋದ ರೈತರು, ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದ ಹೆಣ್ಣುಮಕ್ಕಳು. ಪ್ರತಿ ಸಲವೂ ದಂಡೆಯಲ್ಲಿ ಕೇಳಿಬರೋದು ಅದೇ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಯಾರೂ ಹೇಳೋದಿಲ್ಲ.

ಉತ್ತರ ಇರೋದು ಒಂದು ಸಣ್ಣ ಲೆಕ್ಕದಲ್ಲಿ. ಸಿಲಿಂಡರಿನ ಗಾಳಿ ಗಂಟೆಗಟ್ಟಲೆ ಬರೋದಿಲ್ಲ. ಆಳಕ್ಕೆ ಹೋದಷ್ಟೂ ಅದು ದುಪ್ಪಟ್ಟು, ಮುಪ್ಪಟ್ಟು ವೇಗದಲ್ಲಿ ಖಾಲಿಯಾಗುತ್ತೆ. ದಂಡೆಯಲ್ಲಿ ನಿಂತವರ ಗಡಿಯಾರ ಬೇರೆ, ನೀರೊಳಗಿನವನ ಗಡಿಯಾರ ಬೇರೆ. ಇದು ತಿಳೀದೇ ಇದ್ರೆ ಒಂದು ಜೀವ ಹೋದ ಜಾಗದಲ್ಲಿ ಎರಡನೇ ಜೀವವೂ ಹೋಗಬಹುದು.

ಅದು ಆಕ್ಸಿಜನ್ ಸಿಲಿಂಡರ್ ಅಲ್ಲ

ಮೊದಲು ಒಂದು ತಪ್ಪು ತಿದ್ದಿಕೊಳ್ಳಬೇಕು. ಸುದ್ದಿಗಳಲ್ಲಿ "ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಇಳಿದರು" ಅಂತಲೇ ಬರುತ್ತೆ. ಆದರೆ ಸಾಮಾನ್ಯ ಸ್ಕೂಬಾ ಸಿಲಿಂಡರಿನಲ್ಲಿ ಇರೋದು ನಾವು ದಿನಾ ಉಸಿರಾಡುವ ಗಾಳಿಯೇ. ಅದರಲ್ಲಿ ಆಮ್ಲಜನಕ ಶೇ 21ರಷ್ಟು, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಸಾರಜನಕ. ಆಸ್ಪತ್ರೆಯ ಶುದ್ಧ ಆಕ್ಸಿಜನ್ ಹಾಕಿಕೊಂಡು ಸುಮಾರು 6 ಮೀಟರಿಗಿಂತ ಕೆಳಗಿಳಿದರೆ ಒತ್ತಡಕ್ಕೆ ಅದೇ ವಿಷವಾಗಿ, ನೀರಲ್ಲೇ ಫಿಟ್ಸ್ ಬರಬಹುದು.

ಹೆಚ್ಚಾಗಿ ಬಳಕೆಯಲ್ಲಿರುವ ಸಿಲಿಂಡರಿನ ಒಳಜಾಗ 11ರಿಂದ 12 ಲೀಟರ್. ಅಂದ್ರೆ ದೊಡ್ಡ ನೀರಿನ ಕ್ಯಾನಿಗಿಂತ ಸಣ್ಣದು. ಅದರೊಳಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿರ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ 30 ಚಿಲ್ಲರೆ ಪಾಯಿಂಟ್ ಗಾಳಿ ಹಿಡಿಸ್ತೀವಲ್ಲ, ಅದೇ ಲೆಕ್ಕದಲ್ಲಿ ಇದು ಸುಮಾರು 2,900 ಪಾಯಿಂಟ್. ಕಾರಿನ ಟೈರಿನ ನೂರು ಪಟ್ಟಿಗೆ ಹತ್ತಿರ. ಹಂಗಾಗಿ ಪಂಕ್ಚರ್ ಅಂಗಡಿ ಕಂಪ್ರೆಸರಿನಿಂದ ಇದನ್ನ ತುಂಬಲು ಆಗೋದಿಲ್ಲ. ಬೋರ್‌ವೆಲ್ ಲಾರಿಯ ಕಂಪ್ರೆಸರಿನಿಂದಲೂ ಆಗೋದಿಲ್ಲ. ಎಣ್ಣೆ ಹಬೆ, ಹೊಗೆ ಸೇರದಂತೆ ಶೋಧಿಸಿ ಉಸಿರಾಟಕ್ಕೆಂದೇ ತುಂಬುವ ಬೇರೆ ಯಂತ್ರವೇ ಬೇಕು.

12 ಲೀಟರ್ ಜಾಗ, 200 ಬಾರ್ ಒತ್ತಡ. ಗುಣಿಸಿದರೆ 2,400 ಲೀಟರ್ ಗಾಳಿ. ಕೇಳೋಕೆ ಬಹಳ ಅನ್ನಿಸುತ್ತೆ. ತೂಕ ಹಾಕಿದರೆ ಅಷ್ಟೂ ಗಾಳಿ ಸೇರಿ 3 ಕೆಜಿಯೂ ದಾಟೋದಿಲ್ಲ. ಅದರಲ್ಲೂ 50 ಬಾರ್, ಅಂದ್ರೆ 600 ಲೀಟರ್ ಮುಟ್ಟಬಾರದು ಅನ್ನೋದು ಮುಳುಗುವವರ ಸಾಮಾನ್ಯ ನಿಯಮ. ಬೈಕಿನ ರಿಸರ್ವ್ ಪೆಟ್ರೋಲ್ ಇದ್ದಂಗೆ. ಉಳಿದದ್ದು 1,800 ಲೀಟರ್. ಹೋಗಿ, ಹುಡುಕಿ, ವಾಪಸ್ ಬರೋದೆಲ್ಲ ಇದರಲ್ಲೇ ಮುಗೀಬೇಕು.

ಹತ್ತಿ ಅಂಡಿಗೆ ತುಂಬಿದಂಗೆ

ನೆಲದ ಮೇಲೆ ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೀತಾನೆ. ನೀರಲ್ಲಿ ನಿಧಾನಕ್ಕೆ ಈಜುವ ಅನುಭವಿ ಮುಳುಗುಗಾರನಿಗೆ ಸುಮಾರು 15ರಿಂದ 20 ಲೀಟರ್ ಬೇಕು. 20 ಅಂತ ಹಿಡಿದರೆ 1,800 ಲೀಟರ್ ಗಾಳಿ 90 ನಿಮಿಷ ಬರಬೇಕಲ್ಲ? ಬರುತ್ತೆ, ಅವನು ನೀರಿನ ಮೇಲ್ಮೈಯಲ್ಲೇ ಇದ್ದರೆ. ಕೆಳಗಿಳಿದ ಕೂಡಲೇ ಲೆಕ್ಕ ಬದಲಾಗುತ್ತೆ.

ಬೈಲಹೊಂಗಲ ಮಾರುಕಟ್ಟೆಯಲ್ಲಿ ಹತ್ತಿ ತುಂಬೋದನ್ನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಅಂಡಿಗೆ ಒಂದೇ. ಹಗುರಾಗಿ ತುಂಬಿದರೆ ಇಷ್ಟೇ ಹತ್ತಿ ಹಿಡಿಯುತ್ತೆ. ತುಳಿದು ತುಂಬಿದರೆ ಅದೇ ಅಂಡಿಗೆ ದುಪ್ಪಟ್ಟು ನುಂಗುತ್ತೆ. ನೀರಿನೊಳಗೆ ನಮ್ಮ ಎದೆಗೂಡು ಆ ಅಂಡಿಗೆ ಇದ್ದಂಗೆ, ಮೇಲಿನ ನೀರಿನ ಭಾರ ತುಳಿಯುವ ಕಾಲಿದ್ದಂಗೆ. ನೆಲದ ಮೇಲೆ ನಮ್ಮ ಮೈಮೇಲೆ ಇರೋದು 1 ಬಾರ್ ಗಾಳಿಯ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ಬಾರ್ ಸೇರುತ್ತೆ. ಆ ಒತ್ತಡದಲ್ಲಿ ಎದೆ ಹಿಗ್ಗಬೇಕಾದರೆ ಒಳಗೆ ಹೋಗುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್ ಮಾಡೋದು ಇದೇ ಕೆಲಸ. ಸುತ್ತಲಿನ ನೀರಿನಷ್ಟೇ ಒತ್ತಡದ ಗಾಳಿ ಅದು ಕೊಡುತ್ತೆ. ಉಸಿರು ಒಂದೇ, ಆದರೆ ಆ ಒಂದು ಉಸಿರಿಗೆ ಸಿಲಿಂಡರಿನಿಂದ ಹೋಗುವ ಗಾಳಿ ದುಪ್ಪಟ್ಟು.

ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗುತ್ತೆ ಅನ್ನೋದನ್ನ ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದಿಟ್ಟಿದ್ದಾನೆ. ಶಾಲೆಯಲ್ಲಿ ಬಾಯ್ಲನ ನಿಯಮ ಅಂತ ಎಲ್ಲರೂ ಬಾಯಿಪಾಠ ಮಾಡಿದ್ದೇ.

ನಮ್ಮ ಕಡೆ ನೀರಿನ ಆಳ ಅಳೆಯೋದು 'ಆಳು' ಲೆಕ್ಕದಲ್ಲಿ. 10 ಮೀಟರ್ ಅಂದ್ರೆ 33 ಅಡಿ, ಹೆಚ್ಚುಕಡಿಮೆ ಆರಾಳು ನೀರು. ಅದೇ 1,800 ಲೀಟರ್, ಅದೇ ಶಾಂತ ಮನುಷ್ಯ ಅಂತ ಇಟ್ಟುಕೊಂಡು ನೋಡಿದರೆ ಲೆಕ್ಕ ಹೀಗಿದೆ:

- ಮೇಲ್ಮೈಯಲ್ಲಿ: ನಿಮಿಷಕ್ಕೆ 20 ಲೀಟರ್, 90 ನಿಮಿಷ
- 10 ಮೀಟರ್ (ಆರಾಳು): ನಿಮಿಷಕ್ಕೆ 40 ಲೀಟರ್, 45 ನಿಮಿಷ
- 20 ಮೀಟರ್ (ಹನ್ನೆರಡಾಳು): ನಿಮಿಷಕ್ಕೆ 60 ಲೀಟರ್, 30 ನಿಮಿಷ
- 30 ಮೀಟರ್ (ಹದಿನೆಂಟಾಳು): ನಿಮಿಷಕ್ಕೆ 80 ಲೀಟರ್, 22 ನಿಮಿಷ

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮೊದಲ ಆರಾಳಿಗೇ ಅರ್ಧ ಸಮಯ ಹೋಯ್ತು. "ಹೊಳಿ ಏನ್ ಸಮುದ್ರದಷ್ಟು ಆಳ ಇಲ್ಲಲ್ಲ" ಅನ್ನುವವರು ಇದನ್ನ ನೆನಪಿಡಬೇಕು.

ಹೆದರಿಕೆಗೂ ಗಾಳಿ ಬೇಕು

ಮೇಲಿನ ಲೆಕ್ಕ ಶಾಂತವಾಗಿರುವವನದ್ದು. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬಂದವರು ಈಗ ಬೈಲಹೊಂಗಲ, ರಾಮದುರ್ಗದಲ್ಲೂ ಸಿಗ್ತಾರೆ. ತಿಳಿನೀರು, ಬಣ್ಣದ ಮೀನು, ಪಕ್ಕದಲ್ಲಿ ಕೈ ಹಿಡಿದ ತರಬೇತುದಾರ. ಅಲ್ಲೂ ಮೊದಲ ಸಲ ಇಳಿದವರ ಸಿಲಿಂಡರ್ ತರಬೇತುದಾರನದ್ದಕ್ಕಿಂತ ಎಷ್ಟೋ ಬೇಗ ಖಾಲಿಯಾಗುತ್ತೆ. ಒಂದೇ ನೀರು, ಒಂದೇ ಆಳ, ಆದರೆ ಒಬ್ಬ ಗಾಬರಿಯಲ್ಲಿ ಸಣ್ಣಸಣ್ಣ ಉಸಿರು ಎಳೀತಾನೆ, ಇನ್ನೊಬ್ಬ ನಿಧಾನಕ್ಕೆ ಉದ್ದ ಉಸಿರು ಬಿಡ್ತಾನೆ.

ಉಸಿರಿನ ವೇಗ ನಿರ್ಧರಿಸೋದು ಮುಖ್ಯವಾಗಿ ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್. ಸ್ನಾಯು ಜಾಸ್ತಿ ದುಡಿದಷ್ಟೂ ಅದು ಏರುತ್ತೆ, ಮಿದುಳು "ಉಸಿರೆಳಿ" ಅಂತ ಒತ್ತುತ್ತೆ. ಮೈ ದೊಡ್ಡದಿದ್ದವರು, ಅಭ್ಯಾಸ ತಪ್ಪಿದವರು, ಚಳಿಗೆ ನಡುಗುವವರು ಹೆಚ್ಚು ಗಾಳಿ ಬಳಸ್ತಾರೆ. ಹರಿವಿನ ವಿರುದ್ಧ ಈಜೋದಂತೂ ಗಾಳಿಯನ್ನ ಸುಟ್ಟಂಗೆ. ನೀರಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತೆ.

ಶವ ಹುಡುಕಲು ಇಳಿದವನ ಪರಿಸ್ಥಿತಿ ನೇತ್ರಾಣಿಯದ್ದಲ್ಲ. ಮಳೆಗಾಲದ ಮಲಪ್ರಭೆಯಲ್ಲಿ ಎರಿಮಣ್ಣು ಕಲಸಿ ನೀರು ಕಂದಾಗಿರುತ್ತೆ. ಕೈ ಮುಂದೆ ಚಾಚಿದರೆ ತನ್ನ ಬೆರಳೇ ಕಾಣೋದಿಲ್ಲ. ಕೆಳಗೆ ಜಾಲಿ ಮುಳ್ಳು, ಹರಿದ ಮೀನಿನ ಬಲೆ, ಹಳೇ ಮೋಟಾರಿನ ಪೈಪು. ಕೈಗೆ ಏನು ಸಿಗುತ್ತೋ ಅನ್ನುವ ಅಂಜಿಕೆ ಬೇರೆ. ಇಂಥಲ್ಲಿ ಕೆಲಸ ಮಾಡುವಾಗ ನಿಮಿಷಕ್ಕೆ 40 ಲೀಟರ್ ಹೋಗೋದು ಸಹಜ. ನಿಜವಾಗಿ ಗಾಬರಿಯಾದರೆ 60 ದಾಟಬಹುದು. ಹನ್ನೆರಡಾಳು ನೀರಲ್ಲಿ ಬಲೆಗೆ ಕಾಲು ಸಿಕ್ಕಿ ಒಬ್ಬ ಗಾಬರಿಯಾದ ಅಂದ್ರೆ ನಿಮಿಷಕ್ಕೆ 180 ಲೀಟರ್. ಮೂವತ್ತು ನಿಮಿಷಕ್ಕೆ ಸಾಕಾಗಬೇಕಿದ್ದ ಗಾಳಿ ಹತ್ತೇ ನಿಮಿಷಕ್ಕೆ ಮುಗೀತು.

ನವಿಲುತೀರ್ಥದಲ್ಲಿ ಎಷ್ಟು ನಿಮಿಷ?

ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಕಟ್ಟಿದ ನವಿಲುತೀರ್ಥ ಅಣೆಕಟ್ಟೆ 1972ರಲ್ಲಿ ಮುಗೀತು. ಎತ್ತರ ಸುಮಾರು 40 ಮೀಟರ್. ಹಿಂದೆ ನಿಂತ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ, ಪೂರ್ಣ ಮಟ್ಟ 2,079.50 ಅಡಿ. ಮುನವಳ್ಳಿ ಕಡೆಯವರಿಗೆ, ಸವದತ್ತಿ ಕಡೆಯವರಿಗೆ ಈ ಅಂಕಿ ಬಾಯಲ್ಲೇ ಇರುತ್ತೆ, ಮಳೆಗಾಲದಲ್ಲಿ ದಿನಾ ಕೇಳೋದೇ ಇದನ್ನ.

ಜಲಾಶಯದಲ್ಲಿ 25 ಮೀಟರ್ ಆಳದ ಒಂದು ಜಾಗಕ್ಕೆ ಒಬ್ಬ ಇಳಿದ ಅಂತ ಇಟ್ಟುಕೊಳ್ಳೋಣ. ಅಲ್ಲಿ ಒತ್ತಡ 3.5 ಬಾರ್. ದುಡಿಯುವ ಉಸಿರು 40 ಲೀಟರ್ ಅಂದ್ರೆ ನಿಮಿಷಕ್ಕೆ 140 ಲೀಟರ್ ಖರ್ಚು. ಇಳಿಯಲು ಎರಡು ನಿಮಿಷ. ಮೇಲೆ ಬರುವಾಗ ಬಾಟಲಿಯ ಬಿರಡೆ ಚಿಮ್ಮಿದಂಗೆ ಬರುವಂತಿಲ್ಲ, ನಿಮಿಷಕ್ಕೆ 9 ಮೀಟರಿನಂತೆ ನಿಧಾನಕ್ಕೆ ಬರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಈ ಓಡಾಟಕ್ಕೇ ಸುಮಾರು 450 ಲೀಟರ್ ಹೋಗುತ್ತೆ. ಉಳಿದದ್ದರಲ್ಲಿ ತಳದಲ್ಲಿ ಹುಡುಕಲು ಸಿಗೋದು ಹತ್ತು ನಿಮಿಷದ ಆಸುಪಾಸು.

ದಂಡೆಯಲ್ಲಿ ನಿಂತವರಿಗೆ ಕಾಣೋದು ಒಟ್ಟು ಹದಿನೆಂಟು ನಿಮಿಷ. ಅದರಲ್ಲಿ ಎಂಟು ನಿಮಿಷ ಹೋಗಿಬರುವ ದಾರಿ ಖರ್ಚು ಅನ್ನೋದು ಅವರಿಗೆ ಕಾಣೋದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮುಳುಗುವವರು ಎಷ್ಟು ಹೊತ್ತು ಇರಬಹುದು ಅನ್ನುವ ಕೋಷ್ಟಕಗಳು ಸಮುದ್ರ ಮಟ್ಟಕ್ಕೆ ಮಾಡಿದ್ದು. 300 ಮೀಟರಿಗಿಂತ ಎತ್ತರದ ನೀರಲ್ಲಿ ಅವನ್ನ ತಿದ್ದಿಕೊಂಡೇ ಬಳಸಬೇಕು. ರೇಣುಕಾ ಸಾಗರದ ಪೂರ್ಣ ಮಟ್ಟ ಸಮುದ್ರದಿಂದ ಸುಮಾರು 634 ಮೀಟರ್ ಎತ್ತರದಲ್ಲಿದೆ. ಕಾರವಾರದಲ್ಲಿ, ಮಲ್ಪೆಯಲ್ಲಿ ಮುಳುಗಿ ಪಳಗಿದವರೂ ಇಲ್ಲಿ ಬೇರೆ ಲೆಕ್ಕ ಹಾಕಬೇಕು.

ಒಂದು ಸಿಲಿಂಡರಿಗೆ ಎರಡು ಗುಂಟೆ

ಕಾಣದ ನೀರಲ್ಲಿ ಹುಡುಕೋದು ಅಂದ್ರೆ ಕಣ್ಣಿನಿಂದಲ್ಲ, ಕೈಯಿಂದ. ಹಗ್ಗ ಹಿಡಿದು, ತಳವನ್ನ ತಡಕಾಡುತ್ತ ಹೋಗಬೇಕು. ಎರಡೂ ಕೈ ಚಾಚಿದರೆ ಅಗಲ ಸುಮಾರು 2 ಮೀಟರ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 5 ಮೀಟರ್ ಮುಂದೆ ಹೋದ ಅಂತಲೂ ಇಟ್ಟುಕೊಳ್ಳಿ. ಆರಾಳು ನೀರಲ್ಲಿ ಕಷ್ಟಪಟ್ಟು 20 ನಿಮಿಷ ಹುಡುಕಿದರೆ 200 ಚದರ ಮೀಟರ್ ಆಯ್ತು. ಹೊಲದ ಲೆಕ್ಕದಲ್ಲಿ ಹೇಳೋದಾದ್ರೆ ಎರಡು ಗುಂಟೆ.

ಒಂದು ಎಕರೆಗೆ 40 ಗುಂಟೆ. ಒಂದೇ ಒಂದು ಎಕರೆ ತಳ ಹುಡುಕಲು 20 ಸಿಲಿಂಡರ್ ಬೇಕು. ಹರಿಯುವ ಹೊಳೆಯಲ್ಲಿ ಮುಳುಗಿದವನು ಮುಳುಗಿದಲ್ಲೇ ಇರ್ತಾನೆ ಅನ್ನೋ ಖಾತ್ರಿಯೂ ಇಲ್ಲ. ಹಂಗಾಗಿ "ಇಲ್ಲೇ ಮುಳುಗ್ಯಾನ" ಅಂತ ಜಾಗ ಸರಿಯಾಗಿ ತೋರಿಸುವ ಒಬ್ಬ ಸಾಕ್ಷಿ ಹತ್ತು ಸಿಲಿಂಡರಿಗೆ ಸಮ. ಯಾರಾದರೂ ಮುಳುಗಿದ್ದು ಕಂಡರೆ ನಿಂತ ಜಾಗಕ್ಕೆ ಕಲ್ಲಿಡಿ, ಎದುರು ದಂಡೆಯ ಒಂದು ಗಿಡವನ್ನೋ ಬಂಡೆಯನ್ನೋ ಗುರುತಿಟ್ಟುಕೊಳ್ಳಿ. ಮೊಬೈಲ್ ಇದ್ದರೆ ನೀರಿನ ಕಡೆ ಒಂದು ಫೋಟೋ ಹೊಡೆದಿಡಿ. ವಾಟ್ಸ್ಆ್ಯಪ್ ಸ್ಟೇಟಸ್‌ಗಲ್ಲ, ಮುಳುಗುತಜ್ಞ ಬಂದಾಗ ತೋರಿಸಲಿಕ್ಕೆ.

"ಹಂಗಾದ್ರ ಇಪ್ಪತ್ತು ಸಿಲಿಂಡರ್ ತರಸ್ರಿ" ಅನ್ನಬಹುದು. ತರಿಸಿದರೂ ಒಬ್ಬನೇ ಮನುಷ್ಯ ಒಂದರ ಹಿಂದೊಂದು ಹಾಕಿಕೊಂಡು ಇಳಿಯುವಂತಿಲ್ಲ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂರುತ್ತೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿ ತೆಗೆದಾಗ ಬರುವ ಗುಳ್ಳೆಯಂತೆ ಮೈಯೊಳಗೇ ಗುಳ್ಳೆಯೇಳುತ್ತೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು, ಜೀವವೂ ಹೋಗಬಹುದು. ಸಮುದ್ರ ಮಟ್ಟದಲ್ಲೇ 30 ಮೀಟರ್ ಆಳಕ್ಕೆ 20 ನಿಮಿಷ ಅನ್ನೋದು ಹೆಚ್ಚು ಕಡಿಮೆ ಮಿತಿ. ಮತ್ತೆ ಇಳಿಯಬೇಕಾದರೆ ಮೇಲೆ ಬಂದು ವಿರಾಮ ತಗೊಳ್ಳಲೇಬೇಕು. ದಂಡೆಯ ಮೇಲೆ ಕೂತ ಮುಳುಗುತಜ್ಞ ಚಹಾ ಕುಡಿಯುತ್ತಿದ್ದರೆ ಅದು ಸೋಮಾರಿತನ ಅಲ್ಲ. ಅವನ ಮೈಯೊಳಗಿನ ಸಾರಜನಕ ಇಳೀತಿದೆ.

ಶಿರೂರು ಕಲಿಸಿದ್ದು, ಥಾಯ್ಲೆಂಡ್ ಕಲಿಸಿದ್ದು

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಕೇರಳದ ಒಂದು ಲಾರಿ ಚಾಲಕನ ಸಮೇತ ಗಂಗಾವಳಿ ನದಿ ಪಾಲಾಗಿತ್ತು. ನೌಕಾಪಡೆಯ ಮುಳುಗುಗಾರರು ಬಂದರು. ಉಡುಪಿ ಕಡೆ ಹೆಸರಾದ ಮುಳುಗುತಜ್ಞ ಈಶ್ವರ ಮಲ್ಪೆ ಬಂದು ಹಲವು ಸಲ ಇಳಿದರು. ಆದರೂ ಮಳೆ, ಕೆಂಪು ನೀರು, ಹರಿವಿನ ಸೆಳೆತ ಕೆಲಸವನ್ನ ಮತ್ತೆ ಮತ್ತೆ ನಿಲ್ಲಿಸಿತು. ಕೊನೆಗೆ ಹೂಳೆತ್ತುವ ಯಂತ್ರ ತರಿಸಿ ಕೆಲಸ ಮಾಡಿದ ಮೇಲೆ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳ ಮೇಲಾಗಿತ್ತು. ದೇಶದ ನೌಕಾಪಡೆಗೇ ಹರಿವು ಇಳಿಯುವ ತನಕ ಕಾಯಬೇಕಾಯ್ತು ಅಂದಮೇಲೆ ತಾಲೂಕಿನ ಅಗ್ನಿಶಾಮಕ ಸಿಬ್ಬಂದಿಯನ್ನ "ಈಗಿಂದೀಗ ಇಳೀರಿ" ಅಂತ ಒತ್ತಾಯಿಸೋದು ಎಷ್ಟು ಸರಿ?

ಥಾಯ್ಲೆಂಡಿನ ಥಾಮ್ ಲುಆಂಗ್ ಗುಹೆಯ ಕತೆ ಇನ್ನೂ ಕಠೋರ. 2018ರ ಜೂನ್ 23ರಂದು 12 ಹುಡುಗರು ಮತ್ತು ಅವರ ಫುಟ್ಬಾಲ್ ಕೋಚ್ ನೀರು ನುಗ್ಗಿದ ಗುಹೆಯಲ್ಲಿ ಸಿಕ್ಕಿಬಿದ್ದರು. ದಾರಿಯುದ್ದಕ್ಕೂ ಗಾಳಿಯ ಸಿಲಿಂಡರ್ ಇಡುವ ಕೆಲಸಕ್ಕೆ ಸಮನ್ ಕುನನ್ ಅನ್ನುವ ಥಾಯ್ ನೌಕಾಪಡೆಯ ಮಾಜಿ ಯೋಧ ಹೋಗಿದ್ದರು. ಬೇರೆಯವರಿಗೆ ಗಾಳಿ ಇಟ್ಟು ವಾಪಸ್ ಬರುವಾಗ ನೀರಲ್ಲೇ ಪ್ರಜ್ಞೆ ತಪ್ಪಿ ಜುಲೈ 6ರಂದು ತೀರಿಕೊಂಡರು. ಜುಲೈ 10ರ ಹೊತ್ತಿಗೆ ಹುಡುಗರು ಮತ್ತು ಕೋಚ್ ಎಲ್ಲರೂ ಹೊರಬಂದರು. ಅಷ್ಟು ತರಬೇತಿ ಇದ್ದವನಿಗೂ ನೀರಿನ ಲೆಕ್ಕ ರಿಯಾಯಿತಿ ಕೊಡಲಿಲ್ಲ.

ಸಿಲಿಂಡರ್ ಇಲ್ಲದ ಅಂಬಿಗರು

ನಮ್ಮ ತಾಲೂಕುಗಳಲ್ಲಿ ಹೆಚ್ಚಿನ ಸಲ ಮೊದಲು ಇಳಿಯೋದು ಸಿಲಿಂಡರ್ ಇದ್ದವರಲ್ಲ. ತೆಪ್ಪ ಇರುವ ಅಂಬಿಗರು, ಮೀನು ಹಿಡಿಯುವವರು, ಈಜು ಬಲ್ಲ ಹುಡುಗರು. ಅವರಿಗೆ ಹೊಳೆಯ ಮಡು ಎಲ್ಲಿದೆ, ಸುಳಿ ಎಲ್ಲಿದೆ ಗೊತ್ತು. ಆ ತಿಳಿವಳಿಕೆಗೆ ಬೆಲೆ ಕಟ್ಟಲಾಗದು. ಆದರೆ ಅವರ ಬಳಿ ಇರೋದು ಎದೆಯೊಳಗಿನ ಐದಾರು ಲೀಟರ್ ಗಾಳಿ ಅಷ್ಟೇ. ಹೆಚ್ಚಿನವರಿಗೆ ಅದು ಒಂದು ನಿಮಿಷದ ಮಾತು.

ಇವರಲ್ಲಿ ಒಂದು ಅಪಾಯಕಾರಿ ರೂಢಿ ಇದೆ. ಇಳಿಯುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರು ಎಳೆದು ಬಿಡೋದು. ಹಂಗ ಮಾಡಿದರೆ ಹೆಚ್ಚು ಗಾಳಿ ತುಂಬುತ್ತೆ ಅನ್ನೋ ನಂಬಿಕೆ. ನಿಜಕ್ಕೂ ಆಗೋದು ಬೇರೆ. ಆಮ್ಲಜನಕ ಜಾಸ್ತಿಯಾಗೋದಿಲ್ಲ, ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತೆ. "ಉಸಿರೆಳಿ" ಅಂತ ಒತ್ತುವ ಎಚ್ಚರಿಕೆ ಗಂಟೆಯೇ ಬಾರಿಸೋದಿಲ್ಲ. ಆಮ್ಲಜನಕ ಮುಗಿದು ಮೇಲೆ ಬರುವ ಹೊತ್ತಿಗೆ ಪ್ರಜ್ಞೆ ಹೋಗುತ್ತೆ. ಒಳ್ಳೆ ಈಜುಗಾರ ಸದ್ದಿಲ್ಲದೆ ಮುಳುಗೋದು ಹೀಗೆ.

ಸೊಂಟಕ್ಕೆ ಹಗ್ಗ ಇಲ್ಲದೆ, ಮೇಲೆ ಹಗ್ಗ ಹಿಡಿದವನಿಲ್ಲದೆ ಯಾರನ್ನೂ ಇಳಿಸಬಾರದು. ದಂಡೆಯಲ್ಲಿ ನಿಂತವರು ಹಾಕಬೇಕಾದ ಒತ್ತಾಯ ಇದು.

ಮೊದಲ ನಾಲ್ಕು ನಿಮಿಷ ಯಾರದ್ದು?

ಕಹಿಯಾದರೂ ಒಂದು ಸತ್ಯ ಹೇಳಲೇಬೇಕು. ಮುಳುಗುತಜ್ಞ ಬರುವ ಹೊತ್ತಿಗೆ ಅವನ ಕೆಲಸ ಜೀವ ಉಳಿಸೋದಾಗಿರೋದಿಲ್ಲ, ಮನೆಯವರಿಗೆ ದೇಹ ತಂದುಕೊಡೋದಾಗಿರುತ್ತೆ. ಆಮ್ಲಜನಕ ಇಲ್ಲದೆ ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತೆ. ಬೆಳಗಾವಿಯಿಂದ ತಂಡ ರಾಮದುರ್ಗಕ್ಕೆ ಬರಬೇಕಾದರೆ ನೂರು ಕಿಲೋಮೀಟರ್ ದಾರಿ. ಯಾವ ಸೈರನ್ ಹಾಕಿದರೂ ನಾಲ್ಕು ನಿಮಿಷಕ್ಕೆ ಆ ದಾರಿ ಮುಗಿಯೋದಿಲ್ಲ.

ಹಂಗಾಗಿ ಜೀವ ಉಳಿಸುವ ಸಮಯ ದಂಡೆಯಲ್ಲಿ ನಿಂತವರದ್ದೇ. ಅದಕ್ಕೆ ಸಿಲಿಂಡರ್ ಬೇಡ. ಒಂದು ಉದ್ದನೆ ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು ಸಾಕು. ಏನೂ ಇಲ್ಲದಿದ್ದರೆ ಸೀರೆಗೆ ಸೀರೆ ಗಂಟು ಹಾಕಿ ಎಸೀಬಹುದು. ಈಜಿ ಹಿಡಿಯಲು ಹೋಗೋದು ಕೊನೆಯ ದಾರಿ, ಮುಳುಗುವವನು ಹಿಡಿದವನನ್ನೂ ಒಳಗೆಳೀತಾನೆ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗು ಮಾಡಿ ತಿರುಗಿಸೋದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ನಡುವೆ ಒತ್ತಬೇಕು. ಜೊತೆಗೇ ಇನ್ನೊಬ್ಬರು 112ಕ್ಕೆ ಫೋನ್ ಹಚ್ಚಬೇಕು.

ನೂರು ಕೋಟಿಯಲ್ಲಿ ಒಂದು ಹಗ್ಗ

ಈ ಮಾತು ಈಗ ಯಾಕೆ ಅಂದ್ರೆ, ಸವದತ್ತಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಬರುವ ಜನಸಾಗರ ಇನ್ನೂ ಬೆಳೆಯುತ್ತೆ. ಗುಡ್ಡಕ್ಕೆ ಬಂದವರು ನವಿಲುತೀರ್ಥಕ್ಕೂ ಹೋಗ್ತಾರೆ, ಹೊಳೆ ಕಂಡಲ್ಲಿ ಇಳೀತಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪ ಇರೋದೇ ಮಲಪ್ರಭೆಯ ನಡುವೆ. ಸೊಗಲದಲ್ಲಿ ಜಲಪಾತ. ಜನ ಬಂದರೆ ಅಂಗಡಿಗಳಿಗೆ ವ್ಯಾಪಾರ, ಅದು ಸಂತೋಷದ ಸಂಗತಿಯೇ. ಆದರೆ ಯಾತ್ರಿಕರು ಬರುವ ನೀರಿಗೆ ಕಾವಲು ಯಾರು ಅನ್ನೋ ಪ್ರಶ್ನೆಯೂ ಜೊತೆಗೇ ಬರುತ್ತೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಜನ ಇಳಿಯುವ ಪ್ರತಿ ಘಾಟಿನಲ್ಲಿ ಕಂಬಕ್ಕೆ ನೇತುಹಾಕಿದ ಹಗ್ಗ ಮತ್ತು ತೇಲುವ ರಿಂಗು. ಆಳ ಎಷ್ಟು ಆಳು ಅಂತ ಕನ್ನಡದಲ್ಲಿ ದಪ್ಪ ಅಕ್ಷರದ ಬೋರ್ಡು, ಜೊತೆಗೆ ಮರಾಠಿಯಲ್ಲೂ, ಯಾಕಂದ್ರೆ ಗುಡ್ಡಕ್ಕೆ ಬರುವವರಲ್ಲಿ ಮಹಾರಾಷ್ಟ್ರದವರೂ ಬಹಳ. ಜಾತ್ರೆ ದಿನಗಳಲ್ಲಿ ತೆಪ್ಪದ ಸಮೇತ ಅಂಬಿಗರಿಗೆ ದಿನಗೂಲಿ ಕೊಟ್ಟು ಕಾವಲು. ಅವರಿಗೆ ಉಸಿರು ಕೊಡುವ, ಎದೆ ಒತ್ತುವ ತರಬೇತಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ ಇರೋದೇ ಸ್ಥಳೀಯ ಸ್ವಯಂಸೇವಕರಿಗೆ ಇಂಥ ತರಬೇತಿ ಕೊಡಲು.

ಮುಳುಗುವ ತಂಡದ ವಿಷಯಕ್ಕೆ ಬಂದರೆ "ತಾಲೂಕಿಗೊಂದು ಸಿಲಿಂಡರ್ ಕೊಡಿ" ಅನ್ನುವ ಬೇಡಿಕೆ ಚಂದ ಕೇಳುತ್ತೆ, ಆದರೆ ಅದು ಅಪಾಯದ ಬೇಡಿಕೆ. ಒಂದು ಸಿಲಿಂಡರ್ ಅಂದ್ರೆ ಎರಡು ಗುಂಟೆ, ಆಮೇಲೆ ಅದನ್ನ ತುಂಬಲು ಊರೂರು ಅಲೆದಾಟ. ತರಬೇತಿ ಇಲ್ಲದವನ ಬೆನ್ನಿಗೆ ಅದನ್ನ ಕಟ್ಟಿದರೆ ಇನ್ನೊಂದು ಹೆಣ. ಮುಳುಗುವವರು ಯಾವಾಗಲೂ ಜೋಡಿಯಲ್ಲಿ ಇಳೀಬೇಕು, ಮೇಲೆ ತಯಾರಾಗಿ ನಿಂತ ಇನ್ನೊಬ್ಬ ಬೇಕು, ಹಗ್ಗ ಹಿಡಿಯುವವ ಬೇಕು. ಉಸಿರಾಟದ ಗಾಳಿ ತುಂಬುವ ಯಂತ್ರ, ಹತ್ತಾರು ಸಿಲಿಂಡರ್, ವರ್ಷಪೂರ್ತಿ ಅಭ್ಯಾಸ. ಇಷ್ಟನ್ನೂ ನಾಲ್ಕು ತಾಲೂಕಿಗೆ ಸೇರಿ ನಡುವೆ ಸವದತ್ತಿಯಲ್ಲಿ ಒಂದೇ ಕಡೆ ಇಟ್ಟರೂ ಸಾಕು. ಅರ್ಧಂಬರ್ಧ ನಾಲ್ಕು ಕಡೆ ಇಡೋದಕ್ಕಿಂತ ಪೂರ್ತಿಯಾಗಿ ಒಂದು ಕಡೆ ಇರೋದು ಮೇಲು.

ಅಷ್ಟು ಆಗುವ ತನಕ ಊರಿನವರ ಕೈಲಿರೋದು ಎರಡು. ಒಂದು, ಹೊಳೆದಂಡೆಯ ಗುಡಿಯಲ್ಲಿ, ಹತ್ತಿರದ ಚಹಾದಂಗಡಿಯಲ್ಲಿ ಇವತ್ತೇ ಒಂದು ಐವತ್ತು ಮೊಳದ ಹಗ್ಗ ಮತ್ತು ಒಂದು ಟ್ಯೂಬು ಇಡೋದು. ಎರಡು, ಮುಂದಿನ ಸಲ ಮುಳುಗುತಜ್ಞ ಬರಿಗೈಲಿ ಮೇಲೆ ಬಂದಾಗ ಬಯ್ಯದೆ ದಾರಿ ಬಿಡೋದು. ಅವನು ಹೊತ್ತು ತಂದದ್ದು 50 ಬಾರ್ ಗಾಳಿ. ಅಷ್ಟು ಉಳಿಸಿಕೊಂಡು ಬಂದದ್ದಕ್ಕೇ ಅವನು ಮತ್ತೆ ಇಳಿಯೋಕೆ ಇದ್ದಾನೆ.